ಮಧ್ಯಾಹ್ನದ ಎರಡನೇ ಹಾಳೆ

ನೀವು ಸೈನ್ ಮಾಡಿದ್ದಿರಿ, ಮೇಡಂ.

ಮರೆತಿರಲಿಲ್ಲ. ಎರಡನೇ ಹಾಳೆಯ ಮೊದಲ ಗೆರೆಯಲ್ಲಿ, ನೀಲಿ ಪೆನ್ನಿನಲ್ಲಿ, ಪೂರ್ತಿ ಹೆಸರು ಬರೆದು ಸೈನ್ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕೈಗೇ ಕೊಟ್ಟಿರಿ. ಆ ಹಾಳೆ ತೆಗೆದವನು ನಾನು. ಮಾರ್ಚ್‌ನಲ್ಲಿ ನೀವು ಕೇಳಿದಾಗ ಸುಳ್ಳು ಹೇಳಿದವನೂ ನಾನೇ. ಇಷ್ಟೇ ವಿಷಯ. ಮೊದಲೇ ಬರೆದುಬಿಟ್ಟೆ — ಮಧ್ಯದಲ್ಲಿ ಧೈರ್ಯ ಹೋದರೆ ಇಷ್ಟಾದರೂ ಉಳಿಯಲಿ.

ಸುಳ್ಳು ಹೇಳಿದ್ದು ಎಲ್ಲರೆದುರು. ಆಮೇಲೆ ನಿಜವನ್ನು ನಿಮ್ಮೊಬ್ಬರಿಗೆ ಚೀಟಿಯಲ್ಲಿ ಬರೆದುಕೊಟ್ಟರೆ ಅದು ಸರಿಯಲ್ಲ. ಗೊತ್ತಿಲ್ಲದವರೂ ಓದಬೇಕು. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ.

ಜಯನಗರದಲ್ಲಿ ನಮ್ಮ ಸಂಧಾನ ಕೇಂದ್ರ. ಕೆಳಗೆ ಕನ್ನಡಕದ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು. ಗಂಡ ಹೆಂಡತಿ ಜಗಳ, ಮಗು ಯಾರ ಹತ್ತಿರ ಇರಬೇಕು, ಅತ್ತೆ ಮನೆಯ ರಗಳೆ — ಇಂಥದ್ದನ್ನು ಕೋರ್ಟಿಗೆ ಬಿಡದೆ ಕೂತು ಮಾತಾಡಿ ಮುಗಿಸೋಣ ಅಂತ ಬರುವ ಜನ. ಮಾತಾಡಿಸುವವರು ಮೀಡಿಯೇಟರ್‌ಗಳು. ಇಪ್ಪತ್ತೊಂದು ಜನ ಇದ್ದಿರಿ. ಲಾಯರ್‌ಗಳೇ ಜಾಸ್ತಿ. ವಿಶಾಲಾಕ್ಷಿ ಮೇಡಂ, ನೀವು ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ತ್ಯಾಗರಾಜನಗರದಿಂದ ನಡೆದೇ ಬರುತ್ತಿದ್ದಿರಿ. ನಾನು ಅಲ್ಲಿ ಅಟೆಂಡರ್. ಎಲ್ಲರಿಗೂ ಮಂಜ. ನಿಮಗೊಬ್ಬರಿಗೆ ಮಾತ್ರ ಮಂಜುನಾಥ, ಅದೂ ‘ನೀವು’.

ಬೇರೆ ಮೀಡಿಯೇಟರ್‌ಗಳಿಗೆ ಕುರ್ಚಿ ಹೇಗೆ ಹಾಕಿದರೂ ನಡೆಯುತ್ತಿತ್ತು. ನೀವು ನೆಲದ ಟೈಲ್ಸ್ ಎಣಿಸಿ ಹಾಕಿಸುತ್ತಿದ್ದಿರಿ. ಗಂಡನ ಕುರ್ಚಿಯಿಂದ ನಿಮ್ಮ ಕುರ್ಚಿಗೆ ಮೂರು ಟೈಲ್ಸ್, ಹೆಂಡತಿಯ ಕುರ್ಚಿಯಿಂದಲೂ ಮೂರೇ. ಒಂದು ಹೆಚ್ಚುಕಮ್ಮಿ ಆದರೆ ನೀವೇ ಎದ್ದು ಸರಿಸುವುದು. ನನಗೆ ತಲೆ ಕೆಡುತ್ತಿತ್ತು. ಕುರ್ಚಿಯಲ್ಲೇನಿದೆ, ಅಂತ.

ಇನ್ನೊಂದು ಪದ್ಧತಿ ಇತ್ತು. ಮಾತು ಮುಗಿದ ಮೇಲೆ ಮೀಡಿಯೇಟರ್ ತಾನು ಗುರುತು ಹಾಕಿಕೊಂಡ ಚೀಟಿಯನ್ನು ಆ ಇಬ್ಬರ ಎದುರೇ ಹರಿಯಬೇಕು. ಅವರ ಮನೆಯ ಮಾತು ಅವರ ಕಣ್ಣೆದುರೇ ಚೂರಾಗಬೇಕು, ಎಲ್ಲೂ ಉಳಿಯಬಾರದು. ಆ ಚೂರುಗಳನ್ನು ಹಿಂದುಗಡೆ ಬಕೆಟ್ ನೀರಿನಲ್ಲಿ ನೆನೆಸಿ, ಹಿಚುಕಿ ಮುದ್ದೆ ಮಾಡಿ ಎಸೆಯುವುದು ನನ್ನ ಕೆಲಸ. ಹಾಗಾಗಿ ಮುಂದಿನ ವಾರ ಅದೇ ಜೋಡಿ ಬಂದರೆ ಹಿಂದಿನ ಮಾತೆಲ್ಲ ಮೀಡಿಯೇಟರ್ ತಲೆಯಲ್ಲೇ ಇರಬೇಕು. ನಿಮ್ಮ ತಲೆಯಲ್ಲಿ ಇರುತ್ತಿತ್ತು. ಯಾರ ಮಗುವಿಗೆ ಯಾವ ದಿನ ಜ್ವರ ಬಂದಿತ್ತು ಅನ್ನುವುದರವರೆಗೆ.

ಈಗ ಸೈನ್ ವಿಷಯ.

ಪ್ಯಾನೆಲ್‌ನಲ್ಲಿ, ಅಂದರೆ ಮೀಡಿಯೇಟರ್‌ಗಳ ಪಟ್ಟಿಯಲ್ಲಿ, ಹೆಸರು ಉಳಿಯಬೇಕಾದರೆ ವರ್ಷಕ್ಕೆ ಎರಡು ದಿನ ಟ್ರೈನಿಂಗ್‌ಗೆ ಕೂರಬೇಕು. ಎಷ್ಟು ವರ್ಷ ಅನುಭವ ಇದ್ದರೂ ಕೂರಬೇಕು. ಬೆಳಗ್ಗೆ ಒಂದು ಸೈನ್. ಸಾಯಂಕಾಲ ಎಲ್ಲ ಮುಗಿದು ಹೋಗುವಾಗ ಮಧ್ಯಾಹ್ನದ ಹಾಳೆಯಲ್ಲಿ ಇನ್ನೊಂದು. ಎರಡನೇ ಸೈನ್ ಇಲ್ಲದಿದ್ದರೆ ಆ ಅರ್ಧ ದಿನ ಲೆಕ್ಕಕ್ಕಿಲ್ಲ. ಆಮೇಲೆ ಬಂದು ಹಾಕುತ್ತೇನೆ ಅನ್ನುವ ಹಾಗಿಲ್ಲ. ಮಾರ್ಚ್ ಒಳಗೆ ಆ ಎರಡು ದಿನ ತುಂಬದಿದ್ದರೆ ಹೆಸರು ಹೋಗುತ್ತದೆ, ಮೊದಲಿಂದ ನಲವತ್ತು ಗಂಟೆ ಕೋರ್ಸ್ ಮಾಡಿ ಬರಬೇಕು. ಈ ರೂಲ್ ತಂದವರು ನೀವೇ. ಊಟ ಆದ ಕೂಡಲೇ ಸೈನ್ ಹೊಡೆದು ಜಾಗ ಖಾಲಿ ಮಾಡುವವರು ಜಾಸ್ತಿ ಆಗಿದ್ದರು. ಮೀಟಿಂಗ್‌ನಲ್ಲಿ ನೀವು ಎದ್ದು ನಿಂತು, ನಾವು ಕಲೀದೆ ಕೂತ್ರೆ ಮುರಿಯೋದು ಇನ್ನೊಬ್ರ ಮನೆ, ಅಂದಿರಿ. ನಾನು ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದೆ. ಲಾಯರ್‌ಗಳ ಮುಖ ಹುಳ್ಳಗಾದದ್ದು ನೋಡಿ ಖುಷಿಯಾಗಿತ್ತು. ಆಗ ನೀವು ನನಗೆ ಇಷ್ಟ. ಆಗ —

ಎದ್ದು ಹೋಗಿ ನೀರು ಕುಡಿದು ಬಂದೆ. ಇದು ಎರಡನೇ ಸಲ.

ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಶನಿವಾರ. ಆ ವರ್ಷದ ಎರಡನೇ ಟ್ರೈನಿಂಗ್. ಮಧ್ಯಾಹ್ನ ನಾಟಕದ ಥರ ಒಂದು ಪಾಠ. ಒಬ್ಬರು ಗಂಡ ಆಗಬೇಕು, ಒಬ್ಬರು ಹೆಂಡತಿ, ಒಬ್ಬರು ಮೀಡಿಯೇಟರ್. ಮಿಕ್ಕವರು ಸುತ್ತ ಕೂತು ನೋಡಿ ತಪ್ಪು ಹೇಳಬೇಕು. ನಿಮ್ಮನ್ನು ಮೀಡಿಯೇಟರ್ ಮಾಡಿದರು. ರೇಖಾ ಮೇಡಂ ಹೆಂಡತಿ. ಗಂಡ ಆಗಬೇಕಾಗಿದ್ದ ಲಾಯರ್ ಸಾರ್ ಫೋನ್ ಬಂತೆಂದು ಕೆಳಗೆ ಹೋದವರು ಪಾಠದ ಹೊತ್ತಿಗೆ ಹತ್ತಿ ಬರಲಿಲ್ಲ. ನಾನು ಕುರ್ಚಿ ಜೋಡಿಸಿ ಹೊರಡುತ್ತಿದ್ದೆ, ಕೋಆರ್ಡಿನೇಟರ್ ಪ್ರಕಾಶ್ ಸಾರ್ ಕರೆದರು.

“ಬಾರೋ ಮಂಜ, ಇವತ್ತು ನೀನೇ ಹೀರೋ. ಕೂತ್ಕೋ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಗೆ ಒಂದು ಹಾಳೆ ಕೊಟ್ಟರು, ಗಂಡ ಏನೇನು ಹೇಳಬೇಕು ಅಂತ ಅದರಲ್ಲಿ ಇಂಗ್ಲಿಷ್‌ನಲ್ಲಿ ಬರೆದಿತ್ತು. ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಹೆಂಡತಿ ತವರಿಗೆ ಹೋಗಿದ್ದಾಳೆ, ನೀನು ಕೋಪದಲ್ಲಿದ್ದೀಯ, ಅಷ್ಟೇ ತಿಳ್ಕೋ ಅಂದರು. ಅಷ್ಟು ಸಾಕಾಗಿತ್ತು. ಆಗ ನನ್ನ ಹೆಂಡತಿ ಗೀತಾ ಪದ್ಮನಾಭನಗರದಲ್ಲಿ ಅವಳಮ್ಮನ ಮನೆಗೆ ಹೋಗಿ ಮೂರು ವಾರವಾಗಿತ್ತು. ಕೇಂದ್ರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಠಾರದಲ್ಲಿ ಕೇಳಿದವರಿಗೆ, ಮುನಿಸ್ಕೊಂಡು ಹೋಗವ್ಳೆ, ಅಂತ ಹೇಳಿಕೊಂಡು ತಿರುಗುತ್ತಿದ್ದೆ.

ಶುರು ಮಾಡಿದೆ. ಅವಳೇ ಹೋದಳು, ಅವಳೇ ಬರಲಿ, ನಾನ್ಯಾಕೆ ಹೋಗಿ ಕರೆಯಬೇಕು, ನಾನೇನು ಹೊಡೆದೆನಾ ಬೈದೆನಾ. ಚೆನ್ನಾಗಿ ಬರುತ್ತಿತ್ತು. ಜನ ತಲೆ ಆಡಿಸುತ್ತಿದ್ದರು. ನೀವು ಮೂರು ಟೈಲ್ಸ್ ಆಚೆ ಕೂತು ಕೇಳುತ್ತಿದ್ದಿರಿ, ನಡುವೆ ಒಂದು ಮಾತೂ ಹಾಕಲಿಲ್ಲ. ನಾನು ನಿಲ್ಲಿಸಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಿರಿ.

“ಅವರು ಹೋದ ದಿನ ನೀವೇನ್ ಮಾಡಿದ್ರಿ?”

ಏನೋ ಒಂದು ಹೇಳಬಹುದಿತ್ತು. ನಾಟಕ ತಾನೇ. ಆದರೆ ನೀವು ಕೇಳಿದ ರೀತಿಗೆ — ಬೈಯುವ ಹಾಗಿರಲಿಲ್ಲ, ತಪ್ಪು ಹಿಡಿಯುವ ಹಾಗೂ ಇರಲಿಲ್ಲ, ನಿಜವಾಗಿ ತಿಳಿಯಬೇಕು ಅನ್ನುವ ಹಾಗಿತ್ತು. ನನ್ನ ಬಾಯಿಂದ ಬಂದುಬಿಟ್ಟಿತು.

“ಚಿಲಕ ಹಾಕ್ಕೊಂಡೆ. ಗೀತಾ ಕೆಲ್ಸದಿಂದ ಲೇಟಾಗ್ ಬಂದ್ಲು. ಒಂದ್ ಗಂಟೆ ತಟ್ಟಿದ್ಲು. ತೆಗೀಲಿಲ್ಲ.”

ರೇಖಾ ಮೇಡಂ ಹಾಳೆಯಲ್ಲಿ ಹೆಂಡತಿಯ ಹೆಸರು ಸುನೀತಾ ಅಂತ ಇತ್ತಂತೆ. ನಾನು ಗೀತಾ ಅಂದದ್ದು ಮಿಕ್ಕವರಿಗೆ ಕಿವಿಗೆ ಬೀಳಲಿಲ್ಲ. ನಿಮಗೆ ಬಿತ್ತು. ನಿಮ್ಮ ಮುಖ ಬದಲಾಯಿತು. ತಕ್ಷಣ ಕೈ ಎತ್ತಿ, ಇಲ್ಲಿಗೆ ನಿಲ್ಸೋಣ, ಇದು ಸಾಕು, ಅಂದಿರಿ. ಪಾಠ ಮಾಡಲು ಬಂದವರಿಗೆ ಅರ್ಥವಾಗಲಿಲ್ಲ. ಸಖತ್ತಾಗಿ ಮಾಡಿದೆಯಪ್ಪ ಅಂತ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಹಿಂದಿನಿಂದ ಯಾರೋ ಒಬ್ಬರು, ಮನೇಲಿ ದಿನಾ ಪ್ರಾಕ್ಟೀಸ್ ಇರ್ಬೇಕು ಗುರು ಇವನಿಗೆ, ಅಂದರು. ಮತ್ತೆ ನಗು.

ನಕ್ಕವರ ಮೇಲೆ ನನಗೆ ಕೋಪ ಬರಲಿಲ್ಲ. ನಿಮ್ಮ ಮೇಲೆ ಬಂತು. ಯಾಕೆ ಅಂತ ಮೂರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ನಗದೆ ಇದ್ದವರು ನೀವೊಬ್ಬರೇ — ಅದಕ್ಕೇ ಇರಬೇಕು. ಆ ಮಾತು ನಿಜ ಅಂತ ಗೊತ್ತಾದದ್ದು ನಿಮಗೊಬ್ಬರಿಗೇ.

ಎಲ್ಲ ಮುಗಿದ ಮೇಲೆ, ಟೀ ಹೊತ್ತಿನಲ್ಲಿ ನೀವು ಹಿಂದುಗಡೆ ಬಂದಿರಿ. ನಾನು ಲೋಟ ತೊಳೆಯುತ್ತಿದ್ದೆ. “ಮಂಜುನಾಥ, ತಪ್ಪು ನನ್ದು. ಅಷ್ಟು ಜನರ ಮುಂದೆ ಆ ಪ್ರಶ್ನೆ ಕೇಳ್ಬಾರ್ದಿತ್ತು. ಕ್ಷಮಿಸಿ,” ಅಂದಿರಿ. ನಾನು ತಿರುಗಿಯೂ ನೋಡಲಿಲ್ಲ. ನೀವು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಿರಿ. ಅಷ್ಟರಲ್ಲಿ ಹಾಲ್‌ನಲ್ಲಿ ಉಳಿದವರೆಲ್ಲ, ಕೆಳಗಿನಿಂದ ಹತ್ತಿ ಬಂದ ಆ ಲಾಯರ್ ಸಾರ್ ಕೂಡ, ಸೈನ್ ಹಾಕಿ ಮುಗಿಸಿದ್ದರು. ಒಂದು ಹಾಳೆಗೆ ಇಪ್ಪತ್ತು ಗೆರೆ. ನಿಮಗೆ ಎರಡನೇ ಹಾಳೆ ತೆಗೆದುಕೊಡಬೇಕಾಯಿತು. ಆ ಹಾಳೆಯಲ್ಲಿ ನೀವೊಬ್ಬರೇ.

ನನ್ನ ಹತ್ತಿರ ಕ್ಷಮೆ ಕೇಳಲು ನಿಂತದ್ದರಿಂದಲೇ ನೀವು ಕೊನೆಯವರಾದಿರಿ, ಮೇಡಂ. ಆ ಹಾಳೆಯೇ ನನಗೆ ಸಿಕ್ಕಿತು.

ಎಲ್ಲರೂ ಹೋದ ಮೇಲೆ ಅದನ್ನು ತೆಗೆದುಕೊಂಡು ಬಕೆಟ್ ಹತ್ತಿರ ಹೋದೆ. ದಿನಾ ಮಾಡುವ ಕೆಲಸವೇ. ಹರಿದು ಹಾಕಿದರೆ ಮುಗಿಯಿತು. ಹರಿಯಲು ಆಗಲಿಲ್ಲ. ಫೈಲಿಗೂ ಹಾಕಲಿಲ್ಲ. ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡೆ. ಒಂದು ವಾರ ಆಟ ಆಡಿಸಿ ವಾಪಸ್ ಇಡೋಣ ಅಂದುಕೊಂಡಿದ್ದೆ ಅನ್ನಿಸುತ್ತದೆ. ಇಲ್ಲ — ಹಾಗೇನೂ ಅಂದುಕೊಂಡಿರಲಿಲ್ಲ. ಈಗ ಕಥೆ ಕಟ್ಟುತ್ತಿದ್ದೇನೆ. ನಿಮಗೂ ನಾಲ್ಕು ಜನರ ಮುಂದೆ ಮುಖ ಕೆಳಗೆ ಹಾಕುವ ಹಾಗೆ ಆಗಲಿ ಅಂತ ಇತ್ತು. ಅದೇ ನಿಜ.

ಮರುದಿನ ಭಾನುವಾರ. ಇದನ್ನು ಬರೆಯಲು ಎಲ್ಲಕ್ಕಿಂತ ಕಷ್ಟ. ಮರುದಿನ ನಾನು ಪದ್ಮನಾಭನಗರಕ್ಕೆ ಹೋದೆ. ನಿಮ್ಮ ಪ್ರಶ್ನೆ ರಾತ್ರಿಯಿಡೀ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಅತ್ತೆ ಮನೆ ಬಾಗಿಲಲ್ಲಿ ನಿಂತು ಗೀತಾಗೆ, ಚಿಲಕ ಹಾಕಿದ್ದು ನಂದೇ ತಪ್ಪು, ಅಂದೆ. ಅವಳು ಒಳಗೆ ಹೋಗಿ ಬ್ಯಾಗ್ ತಂದಳು. ಜೇಬಿನಲ್ಲಿ ನಿಮ್ಮ ಹಾಳೆ ಹಾಗೇ ಇತ್ತು. ಅದೇ ಅಂಗಿ. ನಿಮ್ಮ ಪಾಠದಿಂದ ನನ್ನ ಮನೆ ನಿಂತಿತು, ಆಗಲೂ ನಾನು ಆ ಹಾಳೆಯನ್ನು ವಾಪಸ್ ಇಡಲಿಲ್ಲ. ಸೋಮವಾರ ಇಡಬಹುದಿತ್ತು. ಮಂಗಳವಾರ ಇಡಬಹುದಿತ್ತು. ಮಾರ್ಚ್‌ವರೆಗೆ ಎಷ್ಟು ದಿನ ಇತ್ತು.

ಮಾರ್ಚ್‌ನಲ್ಲಿ ಪ್ರಕಾಶ್ ಸಾರ್ ಫೈಲ್ ತೆಗೆದು ಲಿಸ್ಟ್ ಮಾಡಿದರು. ನಿಮ್ಮದು ಅರ್ಧ ದಿನ ಕಮ್ಮಿ ಬಂತು. ಮೀಟಿಂಗ್ ದಿನ ಎಲ್ಲರೂ ಇದ್ದಾಗ ಹೇಳಿದರು. ಮೇಡಂ ಇದ್ರು, ನಾವಿಬ್ರೂ ಜೊತೇಲೇ ಪಾರ್ಟ್ ಮಾಡಿದ್ವಲ್ಲ, ಅಂತ ರೇಖಾ ಮೇಡಂ ಜೋರಾಗೇ ಅಂದರು. ಇದ್ದದ್ದು ಎಲ್ಲರಿಗೂ ಗೊತ್ತು, ಸೈನ್ ಇಲ್ಲ, ಅಷ್ಟೇ. ಪ್ರಕಾಶ್ ಸಾರ್ ಒಂದು ಖಾಲಿ ಹಾಳೆ ನಿಮ್ಮ ಮುಂದೆ ತಳ್ಳಿ, ಈಗ್ಲೇ ಹಾಕ್ಬಿಡಿ ಮೇಡಂ, ಯಾರು ನೋಡ್ತಾರೆ, ಅಂದರು. ಒಬ್ಬರೂ ಬೇಡ ಅನ್ನುತ್ತಿರಲಿಲ್ಲ.

ನೀವು ಹಾಳೆಯನ್ನು ವಾಪಸ್ ತಳ್ಳಿದಿರಿ. ಬೇರೆಯವರಿಗೆ ರೂಲ್ ಮಾಡಿ ನನಗೆ ಬಿಡೋದು ಹೇಗೆ, ಅಂದಿರಿ. ಆದರೆ ನಾನು ಸೈನ್ ಮಾಡಿದೀನಿ ಅಂತ ನೆನಪು, ಅಂದಿರಿ. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದಿರಿ.

“ಮಂಜುನಾಥ, ನೀವೇ ಪೆನ್ ಕೊಟ್ರಿ ಅಲ್ವಾ? ನಾನು ಸೈನ್ ಮಾಡಿದ್ನಾ?”

“ಇಲ್ಲ ಮೇಡಂ. ನೀವು ಮಾಡ್ಲಿಲ್ಲ. ಮಾತಾಡ್ತಾ ಮಾತಾಡ್ತಾ ಹಂಗೇ ಹೊರಟೋದ್ರಿ.”

ಎಷ್ಟು ಸಲೀಸಾಗಿ ಬಂತು. ಹಂಗೇ ಹೊರಟೋದ್ರಿ — ಅದನ್ನು ಸೇರಿಸುವ ಅಗತ್ಯವೇ ಇರಲಿಲ್ಲ. ನೀವು ಜಗಳಕ್ಕೆ ಬರುತ್ತೀರಿ ಅಂದುಕೊಂಡಿದ್ದೆ. ಟೀಚರ್ ಅಲ್ಲವಾ, ಗದರುತ್ತೀರಿ, ನಾನು ಇನ್ನೂ ಗಟ್ಟಿಯಾಗಿ ಇಲ್ಲ ಅನ್ನಬೇಕು, ಅಂತ ತಯಾರಾಗಿದ್ದೆ. ನೀವು ನನ್ನನ್ನು ನಂಬಿದಿರಿ. ತಲೆ ಆಡಿಸಿದಿರಿ. ನಿಮ್ಮ ನೆನಪನ್ನು ಬಿಟ್ಟು ನನ್ನ ಮಾತನ್ನು ಹಿಡಿದುಕೊಂಡಿರಿ.

“ಹಾಗಾದ್ರೆ ಮರೆತಿದೀನಿ,” ಅಂದಿರಿ. ಆಮೇಲೆ, ಯಾರಿಗೂ ಅಲ್ಲದ ಹಾಗೆ, “ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು.”

ಆ ಮಾತು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ನಿಮ್ಮಕ್ಕ ಕೊನೆಗೆ ಯಾರನ್ನೂ ಗುರುತಿಸುತ್ತಿರಲಿಲ್ಲ, ನಿಮ್ಮನ್ನೂ ಗುರುತಿಸುತ್ತಿರಲಿಲ್ಲ ಅಂತ ನೀವೇ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಿರಿ. ಆಗ ನಾನೂ ಅಲ್ಲಿದ್ದೆ. ಗೊತ್ತಿತ್ತು ನನಗೆ. ಆವತ್ತು ಹಾಳೆ ನನ್ನ ಮನೆಯಲ್ಲಿತ್ತು, ರೇಷನ್ ಕಾರ್ಡಿನ ಕವರ್ ಒಳಗೆ. ಯಡಿಯೂರು ಕೆರೆ ಹಿಂದೆ ನನ್ನ ಮನೆ, ಓಡಿ ಹೋಗಿ ತಂದರೆ ಇಪ್ಪತ್ತು ನಿಮಿಷ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಪ್ಯಾನೆಲ್‌ನಿಂದ ನಿಮ್ಮ ಹೆಸರು ಹೋಯಿತು. ಮತ್ತೆ ಕೋರ್ಸ್ ಮಾಡಿ ಬನ್ನಿ ಮೇಡಂ ಅಂತ ಎಲ್ಲರೂ ಕೇಳಿಕೊಂಡರು. ಬೇಡ, ಚೀಟಿ ಹರಿದು ತಲೇಲಿ ಇಟ್ಕೋಬೇಕಾದ ಕೆಲಸ ಇದು, ತಲೆ ಮೇಲೆ ನಂಬಿಕೆ ಇಲ್ದೋಳು ಮಾಡ್ಬಾರ್ದು, ಅಂದಿರಂತೆ. ನಿಮ್ಮ ಕೇಸುಗಳನ್ನು ಬೇರೆಯವರಿಗೆ ಕೊಟ್ಟರು. ಬನಶಂಕರಿಯಿಂದ ಬರುತ್ತಿದ್ದ ಒಬ್ಬ ಹೆಂಗಸು, ಎರಡು ಜಡೆಯ ಮಗಳನ್ನು ಕರೆದುಕೊಂಡು ಬರುತ್ತಿದ್ದಳಲ್ಲ, ಅವಳು ಮೂರು ಶನಿವಾರ ಬಂದು, ಟೀಚರ್ ಮೇಡಂ ಇಲ್ವಾ ಅಣ್ಣ, ಅಂತ ನನ್ನನ್ನೇ ಕೇಳಿದಳು. ಇಲ್ಲಮ್ಮ ಅಂದೆ. ನಾಲ್ಕನೇ ಶನಿವಾರ ಬರಲಿಲ್ಲ. ಅವಳ ಮನೆ ಏನಾಯಿತೋ ನನಗೆ ಗೊತ್ತಿಲ್ಲ. ಕೇಳುವ ಮುಖವೂ ಇಲ್ಲ.

ಆಮೇಲೆ ಅಲ್ಲಿ ಕುರ್ಚಿ ಹಾಕುವಾಗಲೆಲ್ಲ ಟೈಲ್ಸ್ ಎಣಿಸುತ್ತೇನೆ. ಯಾರೂ ಹೇಳುವುದಿಲ್ಲ, ಆದರೂ ಎಣಿಸುತ್ತೇನೆ. ಅದರಿಂದ ಏನೂ ಸರಿಯಾಗುವುದಿಲ್ಲ, ಗೊತ್ತು.

ಹೋದ ತಿಂಗಳು ನಾಲ್ಕನೇ ಬ್ಲಾಕ್ ಮಾರ್ಕೆಟ್‌ನಲ್ಲಿ ನೀವು ಸಿಕ್ಕಿರಿ. ನಾನು ತಪ್ಪಿಸಿಕೊಳ್ಳೋಣ ಅಂತ ಬಾಳೆಹಣ್ಣಿನ ಗಾಡಿ ಹಿಂದೆ ಸರಿದೆ. ನೀವೇ ಕರೆದಿರಿ. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್. ತೆಗೆದುಕೊಂಡ ತರಕಾರಿಗೆಲ್ಲ ಒಂದೊಂದಾಗಿ ಟಿಕ್ ಹಾಕುತ್ತಿದ್ದಿರಿ. ಡಾಕ್ಟರ್ ಏನಿಲ್ಲ ಅಂತಾರೆ, ಆದ್ರೂ ಎಲ್ಲ ಬರೆದಿಟ್ಕೋತೀನಿ, ಗ್ಯಾಸ್ ಆಫ್ ಮಾಡಿದ್ದು, ಬೀಗ ಹಾಕಿದ್ದು, ಎಲ್ಲ, ಅಂತ ನಗುತ್ತಾ ಅಂದಿರಿ. ಒಬ್ಬರೇ ದೂರ ಹೋಗುವುದಿಲ್ಲ, ಮದುವೆ ಮುಂಜಿಗೂ ಹೋಗುವುದಿಲ್ಲ, ಹೆಸರು ಮರೆತು ನಾಲ್ಕು ಜನರೆದುರು ತಡವರಿಸಿದರೆ ಅಂತ ಭಯ, ಅಂದಿರಿ. ಆಮೇಲೆ ಹೊರಡುವಾಗ ತಿರುಗಿ ಕೇಳಿದಿರಿ.

“ಗೀತಾ ಹೇಗಿದಾರೆ? ಮನೆಗೆ ಬಂದ್ರಾ?”

ಮೂರು ವರ್ಷದ ಹಿಂದೆ ಒಂದೇ ಸಲ ನನ್ನ ಬಾಯಿ ತಪ್ಪಿ ಬಿದ್ದ ಹೆಸರು. ಅದನ್ನು ನೀವು ಯಾವ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಿರಿ ಮೇಡಂ. ನಿಮ್ಮ ತಲೆಗೆ ಏನೂ ಆಗಿಲ್ಲ. ಆವತ್ತೂ ಆಗಿರಲಿಲ್ಲ. ಅಲ್ಲೇ ಹೇಳಬೇಕಿತ್ತು, ಆ ಜನರ ಮಧ್ಯೆಯೇ ಕೂಗಿ ಹೇಳಬೇಕಿತ್ತು. ಬಂದ್ಲು ಮೇಡಂ, ಚೆನ್ನಾಗಿದ್ದಾಳೆ, ಅಂದೆ. ನಿಮಗೆ ಸಂತೋಷವಾಯಿತು. ಆ ಸಂತೋಷ ನೋಡಿ ನಾನು —

ಮನೆಗೆ ಹೋಗಿ ಗೀತಾಗೆ ಎಲ್ಲ ಹೇಳಿದೆ. ರೇಷನ್ ಕಾರ್ಡಿನ ಕವರ್‌ನಿಂದ ಹಾಳೆ ತೆಗೆದು ತೋರಿಸಿದೆ. ಅವಳು ಅದನ್ನು ತುಂಬ ಹೊತ್ತು ನೋಡಿದಳು. ಬೈಯಲಿಲ್ಲ. “ಇದನ್ನ ಇಟ್ಕೊಂಡೇ ನನ್ನ ಕರ್ಕೊಂಡ್ ಬರೋಕೆ ಬಂದಿದ್ರಾ?” ಅಂತ ಮಾತ್ರ ಕೇಳಿದಳು. ಆವತ್ತಿನಿಂದ ನನ್ನ ಜೊತೆ ಅಗತ್ಯ ಇದ್ದಷ್ಟೇ ಮಾತು.

ಅದಾದ ಮೇಲೆ ಒಂದು ಸಲ ನಿಮ್ಮ ಮನೆ ಗೇಟ್‌ವರೆಗೆ ಬಂದೆ. ಮುಂಬಾಗಿಲ ಚೌಕಟ್ಟಿನ ಮೇಲೆ ಚೀಟಿ ಅಂಟಿಸಿದ್ದಿರಿ, ದುಂಡಗಿನ ಅಕ್ಷರ, ಗೇಟಿನಿಂದಲೇ ಓದಬಹುದಿತ್ತು. ‘ಬೀಗ ಎಳೆದು ನೋಡು.’ ಆ ಚೀಟಿ ಅಂಟಿಸಿದ್ದು ನಾನು. ಬೆಲ್ ಒತ್ತದೆ ಹೇಡಿ ಥರ ವಾಪಸ್ ಬಂದೆ.

ನಾಳೆ ಬೆಳಗ್ಗೆ ಮೊದಲು ಕೇಂದ್ರಕ್ಕೆ ಹೋಗಿ ಪ್ರಕಾಶ್ ಸಾರ್‌ಗೆ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಅಲ್ಲಿಂದ ನೇರವಾಗಿ ನಿಮ್ಮ ಮನೆಗೆ. ಹಾಳೆಯನ್ನು ಗೇಟಿಗೆ ಸಿಕ್ಕಿಸಿ ಓಡಿ ಬರುವುದಿಲ್ಲ. ಬೆಲ್ ಒತ್ತಿ, ನಿಮ್ಮ ಕೈಗೇ ಕೊಡುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ಆ ಮಾತನ್ನು ನೀವು ನನಗೆ ಹೇಳಿದಾಗ ನಾನು ತಿರುಗಿಯೂ ನೋಡಿರಲಿಲ್ಲ.

ಹಾಳೆ ನೋಡಿ ನೀವು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಿ, ಮೇಡಂ. ಚಿಲಕವನ್ನೂ ಹಾಕಿಕೊಳ್ಳಿ. ನಾನು ತಟ್ಟುವುದಿಲ್ಲ. ಹೊರಗೆ ನಿಂತಿರುತ್ತೇನೆ. ಆ ಬಾಗಿಲ ಚೀಟಿಯನ್ನು ನೀವು ನನ್ನೆದುರೇ ಕೀಳಬೇಕಾಗಿಲ್ಲ. ಕಿತ್ತರೆ ಸಾಕು.